‘ಮ್ಯಾಟರ್ ಆಫ್ ಫ್ಯಾಕ್ಟ್’ ಬಳಸೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕನ್ನಡ ಮೀಡಿಯಂನಲ್ಲಿ ಓದಿ, ಆಮೇಲೆ ಇಂಗ್ಲಿಷ್‌ನಲ್ಲಿ ಮೇಲ್ ಮತ್ತು ವರದಿ ಬರೆದು ಸಂಬಳ ಎಣಿಸಿಕೊಂಡ ಜನರಲ್ಲಿ ಒಬ್ಬ. ಬಿಡುವಿದ್ದಾಗ ಇಂಗ್ಲಿಷ್ ಕಥೆಗಳನ್ನು ಕನ್ನಡಕ್ಕೆ ತರುವ ಚಟವೂ ಇದೆ. ಎರಡೂ ಕಡೆ ನನಗೆ ಜಾಸ್ತಿ ಕಾಟ ಕೊಟ್ಟ ನುಡಿಗಟ್ಟು ಇದು. ಗೆಳೆಯರು, ಅವರ ಮಕ್ಕಳು, ಜೊತೆಗೆ ಕೆಲಸ ಮಾಡಿದವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಇದರ ಅರ್ಥ ಏನು? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗೋದಿಲ್ಲ. ನೋಡೋಕೆ ಒಂದೇ ಥರ ಇದ್ದರೂ ಇದಕ್ಕೆ ಮೂರು ವೇಷ.

ಮೊದಲನೆಯದು ನಾಮಪದ. ‘ಮ್ಯಾಟರ್ ಆಫ್ ಫ್ಯಾಕ್ಟ್’ ಎಂದರೆ ನಡೆದಿದೆಯೋ ಇಲ್ಲವೋ ಎಂದು ನೋಡಿ ತೀರ್ಮಾನಿಸಬಹುದಾದ ಸಂಗತಿ. ಬಸ್ಸು ಹೊರಟಿತೇ ಇಲ್ಲವೇ? ಇದು ಮ್ಯಾಟರ್ ಆಫ್ ಫ್ಯಾಕ್ಟ್. ಬಸ್ಸು ಹೊರಟಿದ್ದು ಸರಿಯೇ? ಇದು ಅಲ್ಲ.

ಎರಡನೆಯದು ಮಾತಿನ ಶುರುವಿಗೆ ಬರುವ ‘ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’. ನಮ್ಮ ‘ಹಾಗೆ ನೋಡಿದರೆ’ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ.

ಮೂರನೆಯದು ಗುಣವಾಚಕ, ‘ಮ್ಯಾಟರ್-ಆಫ್-ಫ್ಯಾಕ್ಟ್’. ಯಾರದ್ದೋ ದನಿಯನ್ನು, ಬರವಣಿಗೆಯನ್ನು ಬಣ್ಣಿಸುವಾಗ ಇದು ಬರುತ್ತದೆ. ಉಬ್ಬಿಸದೆ, ಅಳದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವ ರೀತಿ. ಜನ ಹೆಚ್ಚಾಗಿ ತಡವರಿಸೋದು ಇಲ್ಲೇ. ಹಾಗಾಗಿ ಈ ಪುಟದ ಮುಕ್ಕಾಲು ಪಾಲು ಅದರ ಬಗ್ಗೆಯೇ ಇದೆ.

ಆ ‘ದನಿ’ ಹೇಗಿರುತ್ತದೆ? ಒಂದು ಉದಾಹರಣೆ ಕೊಡಿ.

ಮಲೆನಾಡಿನ ನೆಂಟರ ಮನೆಗೆ ಹೋಗಿದ್ದೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾಯಿ ಕಾಣಲಿಲ್ಲವಲ್ಲ ಎಂದು ಕೇಳಿದೆ. ತಲೆ ಎತ್ತದೆ ಹೇಳಿದರು: “ಮೊನ್ನೆ ರಾತ್ರಿ ಚಿರತೆ ಬಂದಿತ್ತು. ಹೊತ್ಕೊಂಡು ಹೋಯ್ತು. ಕಾಫಿ ಕುಡೀತೀಯಾ, ಕಷಾಯ ಮಾಡ್ಲಾ?”

ಇದೇ ಮ್ಯಾಟರ್-ಆಫ್-ಫ್ಯಾಕ್ಟ್ ದನಿ. ಚಿರತೆ ಬಂತು ಎನ್ನುವುದು ಸುದ್ದಿ. ಅದನ್ನು ಹೇಳಿದ ರೀತಿಗೆ ಈ ಹೆಸರು. ದೊಡ್ಡಮ್ಮನಿಗೆ ದುಃಖ ಇರಲಿಲ್ಲ ಅಂತಲ್ಲ. ಆ ನಾಯಿಯ ತಟ್ಟೆ ಇನ್ನೂ ಹಿತ್ತಲ ಬಾಗಿಲ ಹತ್ತಿರವೇ ಇತ್ತು. ಆದರೆ ಮಾತಿನಲ್ಲಿ ದುಃಖ ಕಾಣಿಸಲಿಲ್ಲ, ಅಷ್ಟೇ.

ಅಡ್ಡಗೀಟು ಎಲ್ಲಿ ಹಾಕಬೇಕು, ಎಲ್ಲಿ ಬೇಡ?

ಗುಣವಾಚಕವಾದರೆ ಹಾಕಿ: ‘ಎ ಮ್ಯಾಟರ್-ಆಫ್-ಫ್ಯಾಕ್ಟ್ ಟೋನ್’. ನಾಮಪದದ ಮುಂದೆ ಬಂದರೂ ಅಷ್ಟೇ, ‘ಶಿ ವಾಸ್ ವೆರಿ ಮ್ಯಾಟರ್-ಆಫ್-ಫ್ಯಾಕ್ಟ್’ ಎಂದು ಕೊನೆಗೆ ಬಂದರೂ ಅಷ್ಟೇ. ‘ಮ್ಯಾಟರ್-ಆಫ್-ಫ್ಯಾಕ್ಟ್‌ಲಿ’ ಎಂಬ ಕ್ರಿಯಾವಿಶೇಷಣಕ್ಕೂ ಗೀಟು ಬೇಕು. ‘ಲಿ’ ಸೇರೋದು ಕೊನೆಯ ಪದಕ್ಕೆ.

ನಾಮಪದವಾದರೆ ಬೇಡ. ‘ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ಗೂ ಬೇಡ. ಅದರ ನಂತರ ಒಂದು ಅಲ್ಪವಿರಾಮ ಸಾಕು. ಬಹುವಚನ ಬೇಕಿದ್ದರೆ ‘ಮ್ಯಾಟರ್ಸ್ ಆಫ್ ಫ್ಯಾಕ್ಟ್’. ‘ಎಸ್’ ಮೊದಲ ಪದಕ್ಕೆ ಹತ್ತುತ್ತದೆ, ಕೊನೆಯದಕ್ಕಲ್ಲ.

‘ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ ಅಂತ ಮೇಲ್ ಶುರು ಮಾಡಿದರೆ ತಪ್ಪಾ?

ವ್ಯಾಕರಣದ ಪ್ರಕಾರ ತಪ್ಪಲ್ಲ. ಎದುರಿನವರಿಗೆ ಚುಚ್ಚಬಹುದು.

ಕೆಲಸಕ್ಕೆ ಸೇರಿದ ಹೊಸತು. ಫೈಲ್ ಕಳಿಸಿದ್ದೀರಾ ಎಂದು ಕ್ಲೈಂಟ್ ಕೇಳಿದ್ದರು. ನಾನು ಬರೆದೆ: ‘ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ವಿ ಹ್ಯಾವ್ ಸೆಂಟ್ ಇಟ್ ಆನ್ ಮಂಡೇ ಇಟ್‌ಸೆಲ್ಫ್.’ ಮಾಹಿತಿ ಸರಿಯಾಗಿಯೇ ಇತ್ತು. ಮಧ್ಯಾಹ್ನ ನಮ್ಮ ಲೀಡ್ ಪಕ್ಕಕ್ಕೆ ಕರೆದು, “ಅವರ ಮೇಲೆ ಯಾಕೆ ಸಿಟ್ಟು?” ಎಂದರು. ನನಗೆ ಸಿಟ್ಟೇ ಇರಲಿಲ್ಲ! ದೊಡ್ಡ ಇಂಗ್ಲಿಷ್ ಬಳಸಿದೆ ಎಂಬ ಖುಷಿಯಲ್ಲಿದ್ದೆ.

ಈ ಮಾತು ಎರಡು ಸಂದರ್ಭಗಳಲ್ಲಿ ಬರುತ್ತದೆ. ಒಂದು, ಹೇಳಿದ್ದಕ್ಕೆ ಇನ್ನೊಂದು ವಿಷಯ ಸೇರಿಸುವಾಗ. ಇನ್ನೊಂದು, ಎದುರಿನವರು ಅಂದುಕೊಂಡದ್ದು ತಪ್ಪು ಎಂದು ತಿದ್ದುವಾಗ. ಮುಖ ನೋಡಿ ಮಾತಾಡುವಾಗ ನಗು ಇರುತ್ತದೆ, ಯಾವುದು ಅಂತ ಗೊತ್ತಾಗುತ್ತದೆ. ಮೇಲ್‌ನಲ್ಲಿ ನಗು ಇಲ್ಲ. ಹಾಗಾಗಿ ಓದುವವರು ‘ನಿಮಗೆ ಗೊತ್ತಿಲ್ಲ, ಕೇಳಿ’ ಎಂಬ ಎರಡನೆಯ ಅರ್ಥವನ್ನೇ ಹಿಡಿಯುತ್ತಾರೆ. ಅದರ ಮೇಲೆ ನನ್ನ ‘ಮಂಡೇ ಇಟ್‌ಸೆಲ್ಫ್’ ಬೇರೆ. ಅದು ನಮ್ಮ ‘ಸೋಮವಾರವೇ’ ಎಂಬುದರ ಕೊನೆಯ ಏಕಾರ. ಕನ್ನಡದಲ್ಲಿ ಸಲೀಸಾಗಿ ಸೇರುವ ಆ ಒತ್ತು ಇಂಗ್ಲಿಷ್‌ಗೆ ಹೋದಾಗ ಮೇಜು ಕುಟ್ಟಿದ ಹಾಗೆ ಕೇಳುತ್ತದೆ. ‘ವಿ ಸೆಂಟ್ ಇಟ್ ಆನ್ ಮಂಡೇ’ ಅಂದಿದ್ದರೆ ಮುಗಿದಿತ್ತು.

ಈಗ ನಾನು ಮಾಡೋದು ಇಷ್ಟೇ: ಮೊದಲು ಬರೆದುಬಿಡುತ್ತೇನೆ, ಆಮೇಲೆ ಆ ನಾಲ್ಕೈದು ಪದ ಹೊಡೆದುಹಾಕುತ್ತೇನೆ. ವಾಕ್ಯಕ್ಕೆ ಏನೂ ಆಗಿರುವುದಿಲ್ಲ.

‘ಆಸ್ ದ ಮ್ಯಾಟರ್ ಆಫ್ ಫ್ಯಾಕ್ಟ್’, ‘ಮ್ಯಾಟರ್ ಆಫ್ ಫ್ಯಾಕ್ಟ್ ಈಸ್’ ಅಂತೆಲ್ಲ ಕೇಳಿದ್ದೇನೆ. ಸರಿಯಾ?

ಎರಡೂ ಸರಿ ಇಲ್ಲ. ‘ಎ’ ಇರಬೇಕಾದ ಜಾಗದಲ್ಲಿ ‘ದ’ ಬರುವಂತಿಲ್ಲ. ಎರಡನೆಯದು ಬೇರೆ ನುಡಿಗಟ್ಟಿನ ಜೊತೆ ಕಲಸಿಹೋಗಿದೆ. ಅಲ್ಲಿ ಬೇಕಿರುವುದು ‘ದ ಫ್ಯಾಕ್ಟ್ ಆಫ್ ದ ಮ್ಯಾಟರ್ ಈಸ್’. ಪದಗಳು ತಿರುಗುಮುರುಗಾಗಿವೆ, ನೋಡಿ. ಇದರ ಅರ್ಥ ‘ಅಸಲು ವಿಷಯ ಏನಪ್ಪಾ ಅಂದ್ರೆ’. ಸುತ್ತಿ ಬಳಸಿ ಮಾತಾಡಿದ ಮೇಲೆ ಗಂಟು ಬಿಚ್ಚುವಾಗ ಬರುವ ಮಾತು ಅದು.

ಫ್ಯಾಕ್ಚುಯಲ್, ನ್ಯೂಟ್ರಲ್, ಬ್ಲಂಟ್... ಇವೆಲ್ಲ ಒಂದೇ ಅಲ್ವಾ?

ಅಲ್ಲ. ‘ಫ್ಯಾಕ್ಚುಯಲ್’ ಹೂರಣದ ಮಾತು: ಒಳಗಿರುವ ಮಾಹಿತಿ ಸರಿ ಇದೆಯಾ? ‘ನ್ಯೂಟ್ರಲ್’ ಪಕ್ಷದ ಮಾತು: ಬರೆದವರು ಯಾವ ಕಡೆಗಾದರೂ ವಾಲಿದ್ದಾರಾ? ‘ಮ್ಯಾಟರ್-ಆಫ್-ಫ್ಯಾಕ್ಟ್’ ಇವೆರಡನ್ನೂ ಕೇಳುವುದಿಲ್ಲ. ಹೇಳಿದ ದನಿ ಹೇಗಿತ್ತು ಎಂದಷ್ಟೇ ನೋಡುತ್ತದೆ.

‘ಬ್ಲಂಟ್’ ಜೊತೆ ಗೊಂದಲ ಆಗೋದು ಸಹಜ. ಅದಕ್ಕೆ ನಮ್ಮ ಗಾದೆಯೇ ಕಾರಣ ಅನ್ನಿಸುತ್ತದೆ. ‘ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ’. ನಮ್ಮಲ್ಲಿ ಇದ್ದ ಹಾಗೆ ಹೇಳೋದು ಅಂದರೆ ಮುಖಕ್ಕೆ ಹೊಡೆದ ಹಾಗೆ ಹೇಳೋದು ಎಂಬ ಭಾವನೆ ಇದೆ. ಇಂಗ್ಲಿಷ್‌ನಲ್ಲಿ ಅದು ‘ಬ್ಲಂಟ್’. ಅಲ್ಲಿ ಕೇಳುವವರಿಗೆ ನೋವಾಗುತ್ತದೆ ಎಂದು ಗೊತ್ತಿದ್ದೂ ಲೆಕ್ಕಿಸದ ಒರಟುತನ ಇದೆ. ಮ್ಯಾಟರ್-ಆಫ್-ಫ್ಯಾಕ್ಟ್ ಮಾತಿನಲ್ಲಿ ಒರಟುತನ ಇರಬೇಕಿಲ್ಲ. ಡಾಕ್ಟರ್ ಒಬ್ಬರು “ಶುಗರ್ 260 ಇದೆ, ಇವತ್ತಿಂದ ಮಾತ್ರೆ ಶುರು ಮಾಡೋಣ” ಎಂದರೆ ಅದು ಮ್ಯಾಟರ್-ಆಫ್-ಫ್ಯಾಕ್ಟ್. “ಹೀಗೇ ಜಾಮೂನು ತಿಂತಾ ಇದ್ರೆ ಬೇಗ ಹೋಗ್ತೀರಿ” ಎಂದರೆ ಬ್ಲಂಟ್.

ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಜೋಕ್ ಹೇಳುವುದಕ್ಕೆ ‘ಡೆಡ್‌ಪ್ಯಾನ್’ ಎನ್ನುತ್ತಾರೆ. ಅದು ಇದೇ ದನಿಯನ್ನು ಕಡ ತಂದು ನಗಿಸುವ ಉಪಾಯ.

ಹಾಗಾದರೆ ಸುಳ್ಳನ್ನೂ ಮ್ಯಾಟರ್-ಆಫ್-ಫ್ಯಾಕ್ಟ್ ಆಗಿ ಹೇಳಬಹುದಾ?

ಧಾರಾಳವಾಗಿ. ಚೆನ್ನಾಗಿ ಸುಳ್ಳು ಹೇಳುವವರೆಲ್ಲ ಹೇಳುವುದು ಹಾಗೆಯೇ. ಆಣೆ ಪ್ರಮಾಣ ಮಾಡುವವನ ಮೇಲೆ ನಮಗೆ ಅನುಮಾನ ಬರುತ್ತದೆ. “ದುಡ್ಡು ನಿನ್ನೆಯೇ ಹಾಕಿದ್ದೀನಿ ಸಾರ್, ಬ್ಯಾಂಕಲ್ಲಿ ಏನೋ ತಡ ಆಗಿರಬೇಕು” ಎಂದು ಚಹಾ ಕುಡಿಯುತ್ತಾ ಹೇಳುವವನ ಮೇಲೆ ಬರುವುದಿಲ್ಲ.

ಬರೆಯುವವರು ಇದನ್ನು ನೆನಪಿಟ್ಟುಕೊಂಡರೆ ಒಂದು ಸಾಮಾನ್ಯ ತಪ್ಪಿನಿಂದ ಪಾರಾಗಬಹುದು. ‘ಇದು ನಿಜ’ ಎಂದು ಹೇಳುವ ಜಾಗದಲ್ಲಿ ‘ಇಟ್ ಈಸ್ ಮ್ಯಾಟರ್-ಆಫ್-ಫ್ಯಾಕ್ಟ್’ ಎಂದು ಬರೆಯಬೇಡಿ. ನಿಜ ಎಂದು ಹೇಳೋಕೆ ‘ಟ್ರೂ’ ಇದೆ. ಅಷ್ಟು ಚಿಕ್ಕ ಪದ ಇರುವಾಗ ಇಷ್ಟುದ್ದದ್ದು ಯಾಕೆ?

ಈ ನುಡಿಗಟ್ಟು ಹುಟ್ಟಿದ್ದೆಲ್ಲಿ?

ಕೋರ್ಟಿನಲ್ಲಿ. ಲ್ಯಾಟಿನ್ನಿನ ‘ರೆಸ್ ಫ್ಯಾಕ್ಟಿ’ ಎಂಬುದನ್ನು ಇಂಗ್ಲೆಂಡಿನ ವಕೀಲರು 16ನೇ ಶತಮಾನದಲ್ಲಿ ಇಂಗ್ಲಿಷ್‌ಗೆ ತಿರುಗಿಸಿಕೊಂಡರು. ಏನು ನಡೆಯಿತು ಎನ್ನುವುದು ‘ಮ್ಯಾಟರ್ ಆಫ್ ಫ್ಯಾಕ್ಟ್’. ಅದಕ್ಕೆ ಯಾವ ಕಾನೂನು ಅನ್ವಯಿಸುತ್ತದೆ ಎನ್ನುವುದು ‘ಮ್ಯಾಟರ್ ಆಫ್ ಲಾ’. ಮೊದಲನೆಯದು ಜ್ಯೂರಿಯ ಕೆಲಸ, ಎರಡನೆಯದು ನ್ಯಾಯಾಧೀಶರದ್ದು. ‘ಫ್ಯಾಕ್ಟ್’ ಪದದ ಬೇರೇ ‘ಮಾಡಿದ್ದು’ ಎಂಬ ಅರ್ಥದ ಲ್ಯಾಟಿನ್ ಪದ. ನಮ್ಮ ‘ಆದದ್ದು, ನಡೆದದ್ದು’ ಅದಕ್ಕೆ ತೀರಾ ಹತ್ತಿರ.

ಆಮೇಲೆ ಇದನ್ನು ವಿಜ್ಞಾನಿಗಳು ಎತ್ತಿಕೊಂಡರು. ಲಂಡನ್ನಿನ ರಾಯಲ್ ಸೊಸೈಟಿ ಶುರುವಾದದ್ದು 1660ರಲ್ಲಿ. ಅಲ್ಲಿ ರಾಬರ್ಟ್ ಬಾಯ್ಲ್ ಥರದವರು ಪ್ರಯೋಗಗಳನ್ನು ಸಾಕ್ಷಿಗಳ ಎದುರಲ್ಲೇ ಮಾಡಿ ತೋರಿಸುತ್ತಿದ್ದರು. ಕಾರಣದ ಬಗ್ಗೆ ಜಗಳ ಆಡಬಹುದು, ಆದರೆ ಗಾಳಿ ತೆಗೆದ ಗಾಜಿನ ಪಾತ್ರೆಯಲ್ಲಿ ದೀಪ ಆರಿತು ಎನ್ನುವುದು ಮ್ಯಾಟರ್ ಆಫ್ ಫ್ಯಾಕ್ಟ್. 1748ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದಕ್ಕೆ ತತ್ವಶಾಸ್ತ್ರದ ಗೆರೆ ಎಳೆದ. ಗಣಿತದ ಸತ್ಯಗಳು ಒಂದು ಕಡೆ, ಮ್ಯಾಟರ್ಸ್ ಆಫ್ ಫ್ಯಾಕ್ಟ್ ಇನ್ನೊಂದು ಕಡೆ. ನಾಳೆ ಸೂರ್ಯ ಹುಟ್ಟುವುದಿಲ್ಲ ಎಂದು ಕಲ್ಪಿಸಿಕೊಂಡರೆ ಅದರಲ್ಲಿ ತರ್ಕದ ಎಡವಟ್ಟು ಏನೂ ಇಲ್ಲ ಎಂದ. ನಮಗೆ ಅಷ್ಟು ಆಳ ಬೇಡ ಬಿಡಿ.

ದನಿಯನ್ನು ಬಣ್ಣಿಸುವ ಗುಣವಾಚಕ ನಾಮಪದಕ್ಕಿಂತ ಕಿರಿಯದು. 18ನೇ ಶತಮಾನದ ಶುರುವಿನಲ್ಲಿ ಬಳಕೆಗೆ ಬಂತು. ಅಂದರೆ ಮೊದಲು ಸಂಗತಿಗೆ ಹೆಸರಾಗಿತ್ತು, ಆಮೇಲೆ ಸಂಗತಿಯನ್ನು ಹೇಳುವ ರೀತಿಗೆ ಹೆಸರಾಯಿತು.

ನಮ್ಮ ಕೋರ್ಟುಗಳಲ್ಲೂ ಆ ವ್ಯತ್ಯಾಸ ಇದೆಯಾ?

ಇದೆ, ಜಮೀನಿನ ಕೇಸು ನಡೆಸಿದವರಿಗೆ ಚೆನ್ನಾಗಿ ಗೊತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಸೆಕ್ಷನ್ ಪ್ರಕಾರ ಹೈಕೋರ್ಟಿಗೆ ಎರಡನೇ ಅಪೀಲು ಹೋಗಬೇಕಾದರೆ ಕಾನೂನಿನ ಮಹತ್ವದ ಪ್ರಶ್ನೆ ಇರಬೇಕು. ಬೇಲಿ ಎಲ್ಲಿತ್ತು, ಯಾರು ಉಳುತ್ತಿದ್ದರು ಎಂಬ ಸಂಗತಿಗಳ ಜಗಳ ಸಾಮಾನ್ಯವಾಗಿ ಕೆಳಗಿನ ಕೋರ್ಟುಗಳಲ್ಲೇ ಮುಗಿಯಬೇಕು.

ಇನ್ನೊಂದು ಸ್ವಾರಸ್ಯ ಹೇಳುತ್ತೇನೆ. 1872ರ ಸಾಕ್ಷ್ಯ ಅಧಿನಿಯಮ ‘ಫ್ಯಾಕ್ಟ್’ ಎಂದರೆ ಏನು ಎಂದು ಉದಾಹರಣೆ ಸಮೇತ ವಿವರಿಸುತ್ತಿತ್ತು. ಒಬ್ಬ ಮನುಷ್ಯನಿಗೆ ಒಂದು ಅಭಿಪ್ರಾಯ ಇದೆ ಎನ್ನುವುದೂ ಫ್ಯಾಕ್ಟ್ ಎಂದು ಅದರಲ್ಲಿತ್ತು. ಅಭಿಪ್ರಾಯ ಸರಿಯೋ ತಪ್ಪೋ, ಅದು ಇದೆ ಎನ್ನುವುದು ಸಂಗತಿ! 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ವರದಿ ಬರೆಯುವವರಿಗೆ ಈ ಸೂಕ್ಷ್ಮ ತುಂಬಾ ಉಪಯೋಗಕ್ಕೆ ಬರುತ್ತದೆ. ‘ಊಟ ಚೆನ್ನಾಗಿರಲಿಲ್ಲ’ ಎಂದರೆ ನಿಮ್ಮ ತೀರ್ಪು. ‘ಊಟ ಚೆನ್ನಾಗಿರಲಿಲ್ಲ ಎಂದು ಆರು ಜನ ಬರೆದುಕೊಟ್ಟರು’ ಎಂದರೆ ಸಂಗತಿ.

ಯಾರನ್ನಾದರೂ ‘ಮ್ಯಾಟರ್-ಆಫ್-ಫ್ಯಾಕ್ಟ್’ ಅಂದರೆ ಅದು ಹೊಗಳಿಕೆಯಾ, ತೆಗಳಿಕೆಯಾ?

ಸಂದರ್ಭ ನೋಡಬೇಕು. ಆಂಬುಲೆನ್ಸ್‌ನಲ್ಲಿ ಬಂದವರನ್ನು ನೋಡಿಕೊಳ್ಳುವ ನರ್ಸ್ ಬಗ್ಗೆ ಹೇಳಿದರೆ ಹೊಗಳಿಕೆ. ಮದುವೆಗೆ ಕೇಳಿದಾಗ ಹುಡುಗ ಹಾಗಿದ್ದ ಎಂದರೆ, ಪಾಪ, ಹುಡುಗಿಗೆ ಬೇಜಾರಾಗಿದೆ ಎಂದರ್ಥ.

ಕನ್ನಡಕ್ಕೆ ಇದನ್ನು ಹೇಗೆ ತರೋದು? ನಿಘಂಟಿನಲ್ಲಿ ಸಿಗುವ ಪದ ಕೂರುವುದೇ ಇಲ್ಲ.

ಕೂರುವುದಿಲ್ಲ, ನಿಜ. ‘ವಾಸ್ತವವಾಗಿ’ ಎಂದು ಬರೆದರೆ ಅನುವಾದದ ವಾಸನೆ ಬರುತ್ತದೆ. ‘ನಿರ್ಭಾವುಕವಾಗಿ’ ಎಂದರೆ ಕಲ್ಲಿನಂಥ ಮನುಷ್ಯ ಅನ್ನಿಸುತ್ತದೆ. ದೊಡ್ಡಮ್ಮ ನಿರ್ಭಾವುಕ ಅಲ್ಲವೇ ಅಲ್ಲ. ‘ನಿರ್ಲಿಪ್ತ’ ಇನ್ನೂ ಮೇಲಕ್ಕೆ ಹೋಗಿ ಸನ್ಯಾಸಿಯ ಪಕ್ಕ ಕೂರುತ್ತದೆ.

ಒಂದೇ ಪದ ಹುಡುಕೋದನ್ನು ಬಿಟ್ಟ ಮೇಲೆ ನನಗೆ ಕೆಲಸ ಸುಲಭವಾಯಿತು. ಕನ್ನಡ ಇಂಥ ದನಿಯನ್ನು ಹೋಲಿಕೆಯಲ್ಲಿ ಹೇಳುತ್ತದೆ. ‘ಏನೂ ಆಗಿಲ್ಲ ಎನ್ನುವ ಹಾಗೆ ಹೇಳಿದಳು.’ ‘ಲೆಕ್ಕ ಒಪ್ಪಿಸಿದ ಹಾಗೆ ಹೇಳಿದ.’ ‘ಪೇಟೆಗೆ ಹೋಗಿ ಬಂದೆ ಎನ್ನುವಷ್ಟು ಸಲೀಸಾಗಿ ಹೇಳಿದರು.’ ‘ಮಾಮೂಲಿ ದನಿಯಲ್ಲಿ’ ಎಂದರೂ ಎಷ್ಟೋ ಕಡೆ ಸಾಕು. ಇವುಗಳಲ್ಲಿ ಯಾವುದು ಎನ್ನುವುದು ಹೇಳಿದವರು ಯಾರು ಎನ್ನುವುದರ ಮೇಲೆ ನಿಂತಿದೆ. ಗುಮಾಸ್ತನಾದರೆ ಲೆಕ್ಕ ಒಪ್ಪಿಸಲಿ, ಅಜ್ಜಿಗೆ ಅದು ಒಗ್ಗದು.

ಕೆಲವೊಮ್ಮೆ ಆ ಪದವನ್ನು ಬಿಟ್ಟೇಬಿಡುತ್ತೇನೆ. ಮಾತನ್ನೇ ಆ ಧಾಟಿಯಲ್ಲಿ ಬರೆದರೆ ‘ಹೀಗೆ ಹೇಳಿದಳು’ ಎಂದು ಚೀಟಿ ಅಂಟಿಸುವ ಅಗತ್ಯ ಇರುವುದಿಲ್ಲ.

‘ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ಗೆ ‘ಹಾಗೆ ನೋಡಿದರೆ’, ‘ಅಸಲಿಗೆ’, ‘ನಿಜ ಹೇಳಬೇಕೆಂದರೆ’ ಮೂರೂ ನಡೆಯುತ್ತವೆ. ಕೊನೆಯದನ್ನು ಸ್ವಲ್ಪ ಹುಷಾರಾಗಿ ಬಳಸಿ. ಅದುವರೆಗೆ ಹೇಳಿದ್ದೆಲ್ಲ ಸುಳ್ಳಾ ಎಂದು ಓದುಗರು ಕೇಳಬಾರದು.

ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವಾಗ ಏನು ತಪ್ಪುತ್ತದೆ?

‘ಅಂತೆ’ ಬಿದ್ದುಹೋಗುತ್ತದೆ. ನನಗೆ ಇದು ತುಂಬಾ ದೊಡ್ಡ ವಿಷಯ. ‘ಚಿರತೆ ಬಂತು’ ಎಂದರೆ ನಾನೇ ಕಂಡೆ, ಅಥವಾ ನನಗೆ ಖಾತ್ರಿ ಇದೆ. ‘ಚಿರತೆ ಬಂತಂತೆ’ ಎಂದರೆ ಯಾರೋ ಹೇಳಿದರು, ಜವಾಬ್ದಾರಿ ನನ್ನದಲ್ಲ. ಎರಡಕ್ಷರದಲ್ಲಿ ಎಷ್ಟು ಕೆಲಸ ಆಗಿಹೋಯಿತು! ಇಂಗ್ಲಿಷ್ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ‘ಎ ಲೆಪರ್ಡ್ ಕೇಮ್’ ಎಂದು ಬರೆದ ಕೂಡಲೇ ಕೇಳಿದ ಸುದ್ದಿ ಕಂಡ ಸಂಗತಿಯಾಗಿಬಿಡುತ್ತದೆ. ‘ದ ನೇಬರ್ಸ್ ಸೇ’ ಎಂದು ಹೇಳಿದವರನ್ನು ವಾಕ್ಯಕ್ಕೆ ಕರೆದುತನ್ನಿ. ‘ರಿಪೋರ್ಟೆಡ್ಲಿ’ ಕೂಡ ಇದೆ, ಆದರೆ ಯಾರು ಹೇಳಿದರು ಎಂದು ಗೊತ್ತಿದ್ದಾಗ ಅದರ ಹಿಂದೆ ಬಚ್ಚಿಟ್ಟುಕೊಳ್ಳಬೇಡಿ.

ನಾನೇ ಆ ಥರ ಬರೆಯೋದು ಹೇಗೆ? ಬರೆದದ್ದೆಲ್ಲ ಭಾಷಣ ಆಗುತ್ತೆ.

ನಿಮ್ಮ ಮನೆಯ ಹಳೇ ಕ್ರಯಪತ್ರ ತೆಗೆದು ಚೆಕ್ಕುಬಂದಿ ಓದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಜಮೀನು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಓಣಿ. ‘ಸುಂದರವಾದ ಹಳ್ಳ’ ಎಂದು ಯಾವ ಪತ್ರ ಬರಹಗಾರರೂ ಬರೆದದ್ದಿಲ್ಲ. ಪೊಲೀಸರು ಪಂಚರ ಎದುರು ಬರೆಯುವ ಸ್ಥಳ ಮಹಜರು ಕೂಡ ಹಾಗೆಯೇ. ಬಾಗಿಲು ಯಾವ ದಿಕ್ಕಿಗಿದೆ, ಬೀಗ ಎಲ್ಲಿ ಬಿದ್ದಿತ್ತು, ಅಲ್ಲಿಂದ ಗೋಡೆ ಎಷ್ಟು ಅಡಿ. ಭಾಷೆ ಸ್ವಲ್ಪ ಕಟ್ಟಿಗೆಯಂತಿರುತ್ತದೆ, ಒಪ್ಪಿದೆ. ಆದರೂ ನಮ್ಮಲ್ಲಿ ಮ್ಯಾಟರ್-ಆಫ್-ಫ್ಯಾಕ್ಟ್ ಬರವಣಿಗೆಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಆಮೇಲೆ ನಿಮ್ಮ ಕ್ರಿಯಾಪದಗಳನ್ನು ನೋಡಿ. ತೀರ್ಪು ಅಡಗಿ ಕೂರುವುದು ಅಲ್ಲಿ. ‘ಹೇಳಿದರು’ ಎಂಬುದಕ್ಕೆ ಪಕ್ಷ ಇಲ್ಲ. ‘ಒಪ್ಪಿಕೊಂಡರು’ ಎಂದ ಕೂಡಲೇ ಅವರು ಏನೋ ತಪ್ಪು ಮಾಡಿದ್ದಾರೆ. ‘ಬಾಯಿಬಿಟ್ಟರು’ ಎಂದರೆ ಅಲ್ಲಿಯವರೆಗೆ ಮುಚ್ಚಿಟ್ಟಿದ್ದರು. ನಮ್ಮ ಪತ್ರಿಕೆಗಳ ತಲೆಬರಹಗಳಲ್ಲಂತೂ ಯಾರೂ ಸುಮ್ನೆ ಹೇಳುವುದೇ ಇಲ್ಲ. ಗುಡುಗುತ್ತಾರೆ, ಕಿಡಿಕಾರುತ್ತಾರೆ, ಗರಂ ಆಗುತ್ತಾರೆ. ಇಂಗ್ಲಿಷ್‌ನಲ್ಲೂ ‘ಸೆಡ್’, ‘ಅಡ್ಮಿಟೆಡ್’, ‘ಕ್ಲೇಮ್ಡ್’ ನಡುವೆ ಇದೇ ಅಂತರ. ‘ಕ್ಲೇಮ್ಡ್’ ಎಂದು ಬರೆದರೆ ನನಗೆ ನಂಬಿಕೆ ಇಲ್ಲ ಎಂದು ಕಣ್ಣು ಮಿಟುಕಿಸಿದ ಹಾಗೆ.

ಒಂದು ವಾಕ್ಯ ತಿದ್ದಿ ನೋಡೋಣ. ಮೊದಲು ಹೀಗಿತ್ತು: ‘ದುರದೃಷ್ಟವಶಾತ್ ಬೇಜವಾಬ್ದಾರಿ ಚಾಲಕ ಮತ್ತೆ ತುಂಬಾ ತಡವಾಗಿ ಬಂದ.’ ತಿದ್ದಿದ ಮೇಲೆ: ‘ಚಾಲಕ 9.40ಕ್ಕೆ ಬಂದರು. ಬರಬೇಕಿದ್ದದ್ದು 9ಕ್ಕೆ. ಈ ವಾರ ಇದು ಮೂರನೇ ಸಲ.’ ಬೈಗುಳ ಒಂದೂ ಇಲ್ಲ. ಓದಿದ ಮ್ಯಾನೇಜರ್‌ಗೆ ಮಾತ್ರ ಎರಡನೆಯದೇ ಜಾಸ್ತಿ ಉರಿಯುತ್ತದೆ.

ಎಲ್ಲ ಕಡೆ ಹೀಗೇ ಬರೆಯಬೇಕಾ?

ಬೇಡಪ್ಪ. ಸಾವಿನ ಮನೆಗೆ ಕಳಿಸುವ ಮೆಸೇಜು ಮಹಜರಿನ ಥರ ಇದ್ದರೆ ಯಾರೂ ಕ್ಷಮಿಸುವುದಿಲ್ಲ.

ಬೆಂಗಳೂರಿನ ‘ಏನ್ ಮ್ಯಾಟರ್ ಗುರು?’ ಇದರ ಸಂಬಂಧಿಯಾ?

ಒಂದೇ ‘ಮ್ಯಾಟರ್’. ಇಲ್ಲಿ ಅದು ಸಮಾಚಾರ ಎಂಬ ಅರ್ಥಕ್ಕೆ ಬಂದು ನಿಂತಿದೆ. ‘ಒಂದು ಮ್ಯಾಟರ್ ಇದೆ’ ಎಂದು ಯಾರಾದರೂ ಹತ್ತಿರ ಬಂದರೆ ಅದರಲ್ಲಿ ಫ್ಯಾಕ್ಟ್ ಕಡಿಮೆ, ಮಸಾಲೆ ಜಾಸ್ತಿ. ಪ್ರೆಸ್ಸಿನವರ ‘ಮ್ಯಾಟರ್’ ಮತ್ತೆ ಬೇರೆ, ಅಚ್ಚಿಗೆ ಕೊಡಬೇಕಾದ ಬರಹ. “ಮ್ಯಾಟರ್ ಕೊಡಿ ಸಾರ್, ಸಂಜೆಯೊಳಗೆ ಡಿಟಿಪಿ ಮಾಡಿಡ್ತೀವಿ” ಎನ್ನುತ್ತಾರಲ್ಲ, ಅದು. ಮದುವೆ ಕಾರ್ಡಿನ ಮ್ಯಾಟರ್ ಬರೆಯೋಕೆ ನನ್ನನ್ನು ಇನ್ನೂ ಕರೆಯುತ್ತಾರೆ. ಅಲ್ಲಿ ವಿಶೇಷಣ ಒಂದು ಕಮ್ಮಿಯಾದರೂ ಬೀಗರಿಗೆ ಕೋಪ ಬರುತ್ತದೆ.